ಆಟಗಾರರ ಹೆಸರಿಗೆ ಬಣ್ಣ ಬಂದ ಬಗೆ

1999ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಬಿಡುಗಡೆ ಮಾಡಿದ ‘ಕ್ವೇಕ್ 3 ಅರೀನಾ’ ಎಂಬ ಬಹು ಆಟಗಾರರ ಶೂಟಿಂಗ್ ಆಟದಲ್ಲಿ, ಆಟಗಾರನು ತನ್ನ ಹೆಸರು ಅಥವಾ ಸಂದೇಶದ ನಡುವೆ ಕ್ಯಾರೆಟ್ ಎನ್ನುವ ^ ಚಿಹ್ನೆಯನ್ನೂ ಅದರ ಬೆನ್ನಿಗೇ ಒಂದು ಅಂಕಿಯನ್ನೂ ಟೈಪ್ ಮಾಡಿದರೆ, ಅವೆರಡೂ ಪರದೆಯಲ್ಲಿ ಕಾಣಿಸದೆ, ಮುಂದಿನ ಬರಹವು ಬೇರೊಂದು ಬಣ್ಣಕ್ಕೆ ತಿರುಗುತ್ತಿತ್ತು. 1 ಕೆಂಪು, 2 ಹಸಿರು, 3 ಹಳದಿ, 4 ನೀಲಿ, 7 ಬಿಳಿ. ಅಕ್ಷರಗಳನ್ನಷ್ಟೇ ತೋರಿಸುತ್ತಿದ್ದ ಹಳೆಯ ಟರ್ಮಿನಲ್ ಪರದೆಗಳಿಗೆಂದು ರೂಪುಗೊಂಡ ಆನ್ಸಿ ಸಂಕೇತಗಳಲ್ಲಿಯೂ ಈ ಆಟದ ಎಂಟೂ ಬಣ್ಣಗಳಿದ್ದು, ಸಯಾನ್ ಮತ್ತು ಮಜೆಂಟಾಗಳ ಸ್ಥಾನ ಮಾತ್ರ ಅದಲುಬದಲಾಗಿರುವುದು ಗಮನಾರ್ಹ. 1996ರ ಮೊದಲ ಕ್ವೇಕ್‌ನಲ್ಲಿ ಇಂಥ ಆಯ್ಕೆ ಇರಲಿಲ್ಲ. ಅದರ ಅಕ್ಷರಪಟ್ಟಿಯ ಎರಡನೆಯ ಅರ್ಧದಲ್ಲಿ ಬಿಳಿಯ ಅಕ್ಷರಗಳಿಗೆ ಜೋಡಿಯಾಗಿ ಕಂದುಗೆಂಪು ಅಕ್ಷರಗಳಿದ್ದವು, ಅಷ್ಟೇ.

2005ರಲ್ಲಿ ಕ್ವೇಕ್ 3ರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲಪಠ್ಯ, ಮುಕ್ತ ಪರವಾನಗಿಯಲ್ಲಿ ಪ್ರಕಟವಾದುದರಿಂದ ಈ ಏರ್ಪಾಡಿನ ಒಳಗಿನ ಕಟ್ಟುಪಾಡುಗಳೂ ಓದಲು ಸಿಕ್ಕಿವೆ, ಮತ್ತು ಈ ಇತಿಹಾಸದ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಹೆಸರನ್ನು ಶುದ್ಧಗೊಳಿಸುವ ಭಾಗವು ಕಪ್ಪು ಬಣ್ಣದ ಸಂಕೇತವನ್ನು ಸಂಪೂರ್ಣವಾಗಿ ತೆಗೆದುಹಾಕುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಕಪ್ಪು ಹೆಸರು ಅಡಗಿಹೋಗುವುದರಿಂದ ಈ ನಿಷೇಧ ನ್ಯಾಯವಾದದ್ದೇ. ಬಣ್ಣದ ಸಂಕೇತಗಳ ಹೊರತು ಬೇರೇನೂ ಇಲ್ಲದ ಹೆಸರನ್ನು ಖಾಲಿ ಹೆಸರೆಂದೇ ಎಣಿಸಿ, ಅದರ ಜಾಗದಲ್ಲಿ ‘ಅನ್‌ನೇಮ್ಡ್ ಪ್ಲೇಯರ್’ ಎಂದು ಬರೆಯಲಾಗುತ್ತದೆ.

ಕ್ವೇಕ್ 3ರ ಎಂಜಿನ್, ಎಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶ, ಬಳಸಿದ 2003ರ ‘ವೂಲ್ಫೆನ್‌ಸ್ಟೈನ್: ಎನಿಮಿ ಟೆರಿಟರಿ’ಗೂ ಕ್ಯಾರೆಟ್ ಪದ್ಧತಿ ಹರಿದುಬಂದಿತು, ಮುಂದೆ ಮೈನ್‌ಕ್ರಾಫ್ಟ್ ಎಂಬ ಆಟವು § ಚಿಹ್ನೆಯೊಂದಿಗೆ ಹದಿನಾರು ಬಣ್ಣಗಳನ್ನು ಒದಗಿಸಿತು.