‘ಘೂಲ್ ಪಟ್ರೋಲ್’: ಒಂದು ಜಾಂಬಿ ಆಟದ ಉತ್ತರಭಾಗದ ಗುಣದೋಷಗಳು

ಇಬ್ಬರು ಒಂದೇ ಪರದೆಯ ಮುಂದೆ ಕುಳಿತು ಜಾಂಬಿಗಳನ್ನು ಎದುರಿಸುವ ವಿಡಿಯೊ ಗೇಮ್‌ಗಳಿಗೆ ಬೇ ಏರಿಯಾದ ಕೊಡುಗೆ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಮರೀನ್ ಕೌಂಟಿಯಲ್ಲಿ ನೆಲೆಸಿದ್ದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯ ‘ಜಾಂಬೀಸ್ ಏಟ್ ಮೈ ನೇಬರ್ಸ್’ 1993ರಲ್ಲಿ ಹೊರಬಂದಿತು. ಮರುವರ್ಷ ಅದರ ಉತ್ತರಭಾಗವಾದ ‘ಘೂಲ್ ಪಟ್ರೋಲ್’ ಬಂದಿತು. 2021ರಲ್ಲಿ ಇವೆರಡೂ ಒಟ್ಟಾಗಿ ಇಂದಿನ ಯಂತ್ರಗಳಿಗೆ ಮರಳಿವೆ. ಮಕ್ಕಳ ಪಕ್ಕದಲ್ಲಿ ಕುಳಿತು ಆಡಬಹುದಾದ ಆಟಗಳನ್ನು ಅರಸುವವರಿಗೆ ನೆರವಾಗಲೆಂದು ಈ ಟಿಪ್ಪಣಿ.

ಮೂಲ ಆಟದ ಸ್ವರೂಪ

ಝೀಕ್ ಮತ್ತು ಜೂಲಿ ಎಂಬ ಹದಿಹರೆಯದವರು ತಮ್ಮ ಬಡಾವಣೆಯ ಮೇಲೆ ಡಾಕ್ಟರ್ ಟಂಗ್ ಎಂಬ ಹುಚ್ಚು ವಿಜ್ಞಾನಿ ಛೂಬಿಟ್ಟ ಭೂತಪ್ರೇತಗಳನ್ನು ಎದುರಿಸುತ್ತಾರೆ. ನೀರಿನ ಪಿಚಕಾರಿ, ಸೋಡಾ ಡಬ್ಬಿ, ಊಟದ ಚಮಚ–ಮುಳ್ಳುಗಳೇ ಅವರ ಆಯುಧಗಳು. ಬೆಳ್ಳಿಯ ಚಮಚಕ್ಕೆ ತೋಳಮಾನವ ಒಂದೇ ಏಟಿಗೆ ಉರುಳುವುದು ಹಳೆಯ ಭಯಾನಕ ಚಿತ್ರಗಳ ಅಣಕ. ಆರಂಭದಲ್ಲಿ ರಕ್ಷಿಸಬೇಕಾದ ನೆರೆಯವರು 10 ಮಂದಿ. ಸತ್ತವರು ಮುಂದಿನ ಹಂತದಲ್ಲಿ ಕಾಣಿಸುವುದಿಲ್ಲ. ಅಂಕ ಗಳಿಸಿಯೇ ಆ ಕೊರತೆಯನ್ನು ತುಂಬಬೇಕು. ಯಾರೂ ಉಳಿಯದಿದ್ದರೆ ಆಟವೇ ಮುಗಿಯಿತು. ಹೀಗಾಗಿ ಒಬ್ಬನ ಅಜಾಗರೂಕತೆ ಇಬ್ಬರಿಗೂ ನಷ್ಟ.

ಉತ್ತರಭಾಗದ ಗುಣಗಳು

ಗ್ರಂಥಾಲಯದ ಪ್ರದರ್ಶನವೊಂದರಲ್ಲಿ ಹಳೆಯ ಮಂತ್ರಗ್ರಂಥವನ್ನು ತೆರೆದಾಗ ಪಿಶಾಚಿಯೊಂದು ಬಿಡುಗಡೆಯಾಗಿ ಚರಿತ್ರೆಯನ್ನೇ ಕೆಡಿಸತೊಡಗುತ್ತದೆ. ಆಟಗಾರರು ನಗರದಿಂದ ಕಡಲ್ಗಳ್ಳರ ಕಾಲಕ್ಕೂ ಹಳೆಯ ಜಪಾನಿಗೂ ಸಾಗುತ್ತಾರೆ. ಪಾತ್ರಗಳಿಗೆ ಜಿಗಿಯುವ ಶಕ್ತಿ ಬಂದಿರುವುದರಿಂದ ಚಲನೆಗೆ ಲವಲವಿಕೆ ಕೂಡಿದೆ. ಚಿತ್ರಗಳು ದೊಡ್ಡವು, ವಿವರವುಳ್ಳವು. ಇಬ್ಬರೂ ಒಂದೇ ಪರದೆಯೊಳಗಿರಬೇಕೆಂಬ ನಿಯಮ ಇಲ್ಲಿಯೂ ಉಳಿದಿದೆ: ಮುಂದೆ ಹೋದವನು ಹಿಂದುಳಿದವನಿಗಾಗಿ ಕಾಯಲೇಬೇಕು. ಸಹಕಾರಿ ಆಟದ ತಿರುಳು ಇದೇ.

ದೋಷಗಳು

ಮೊದಲ ಆಟದಲ್ಲಿ 48 ಮುಖ್ಯ ಹಂತಗಳಿದ್ದವು; ಉತ್ತರಭಾಗ ಅದಕ್ಕಿಂತ ಬಹಳ ಚಿಕ್ಕದು. ಆದರೆ ಉದ್ದಕ್ಕಿಂತ ದೊಡ್ಡ ಕೊರತೆ ಕಥಾಭೂಮಿಯದು. ರಕ್ಷಿಸಬೇಕಾದ ಜನರು ಇಲ್ಲಿಯೂ ಇದ್ದಾರೆ, ಆದರೆ ಅವರು ನೆರೆಯವರಲ್ಲ. ಅಂಗಳದಲ್ಲಿ ಮಾಂಸ ಸುಡುತ್ತಿರುವ ಗೃಹಸ್ಥ, ಅಂಬೆಗಾಲಿಡುವ ಕೂಸು, ಶಾಲೆಯ ಮೇಡಂ ಇವರನ್ನು ಉಳಿಸುವಾಗ ಉಂಟಾಗುವ ತವಕ ಕಡಲ್ಗಳ್ಳರ ಹಡಗಿನಲ್ಲಿ ಹುಟ್ಟುವುದಿಲ್ಲ. ಅಕ್ಕನ ಮಗನೊಡನೆ ನಾನು ಎರಡನ್ನೂ ಆಡಿದ್ದೇನೆ. ಮೊದಲನೆಯದರಲ್ಲಿ ಅವನು “ಮಾಮಾ, ಪಾಪು ಆ ಕಡೆ ಇದೆ, ನೀನು ಹೋಗು” ಎಂದು ಕೂಗುತ್ತಿದ್ದ. ಎರಡನೆಯದರಲ್ಲಿ ನಮ್ಮಿಬ್ಬರ ಮಾತು ಆಯುಧಗಳ ಲೆಕ್ಕಕ್ಕೆ ಇಳಿಯಿತು.

ಒಟ್ಟು ಅಭಿಪ್ರಾಯ

ಚಲನೆಯಲ್ಲಿ ‘ಘೂಲ್ ಪಟ್ರೋಲ್’ ಮುಂದಿದೆ, ಮಮತೆಯಲ್ಲಿ ಹಿಂದಿದೆ. ಮೊದಲ ಆಟದ ಹಳೆಯ ಪಾಸ್‌ವರ್ಡ್ ಪದ್ಧತಿಯಲ್ಲಿ ಮತ್ತೆ ಆರಂಭಿಸಿದಾಗ ಕೂಡಿಟ್ಟ ಆಯುಧಗಳೆಲ್ಲ ಕೈತಪ್ಪುತ್ತಿದ್ದವು. 2021ರ ಆವೃತ್ತಿಯಲ್ಲಿ ಆಟವನ್ನು ನಡುವೆ ಉಳಿಸಿಕೊಳ್ಳಬಹುದಾದ್ದರಿಂದ, ಮಕ್ಕಳ ಓದಿಗೂ ನಿದ್ರೆಗೂ ಅಡ್ಡಿಯಾಗದಂತೆ ಸಂಜೆಗಿಷ್ಟು ಆಡಲು ಸಾಧ್ಯ. ಮೊದಲ ಆಟದಿಂದಲೇ ಆರಂಭಿಸುವುದು ಲೇಸು. ನೆರೆಮನೆಯವರ ಹೆಸರೂ ತಿಳಿಯದೆ ವರ್ಷಗಳು ಕಳೆಯಬಹುದಾದ ಈ ನಾಡಿನಲ್ಲಿ, ಅವರನ್ನು ಉಳಿಸುವುದನ್ನೇ ಗುರಿಯಾಗಿಸಿದ ಆಟಕ್ಕೆ ಮೊದಲ ಮಣೆ ಸಲ್ಲಬೇಕು.