ದೊಡ್ಡರೋಗ ಹೋಯಿತು, ಮೈಲಿಗೆ ಹೋಗಲಿಲ್ಲ

ದನ ಸತ್ತರೆ ಅದರ ಒಡೆಯನಿಗೆ ಸ್ನಾನ ಮಾಡುವ ತನಕ ಮೈಲಿಗೆ. ಅದನ್ನು ಹೊತ್ತು ಹೊರಗೆ ಹಾಕಿದವನಿಗೆ ಹುಟ್ಟಿನಿಂದ ಸಾಯೋತನಕ ಮೈಲಿಗೆ. ಅವನ ಮಕ್ಕಳಿಗೂ ಮೈಲಿಗೆ, ಮೊಮ್ಮಕ್ಕಳಿಗೂ ಮೈಲಿಗೆ. ಈ ಲೆಕ್ಕ ಬರೆದವರು ಯಾರು, ಯಾವ ಜ್ಞಾನದ ಮೇಲೆ ಬರೆದರು ಅಂತ ಕೇಳುವುದಕ್ಕಾಗಿ ನಾವು ಒಂದು ದನದ ರೋಗದ ಚರಿತ್ರೆಯನ್ನು ಇಲ್ಲಿ ಬಿಚ್ಚುತ್ತಿದ್ದೇವೆ.

ನಾವು ದಿನಾ ಓಡಾಡುವ ಪಶ್ಚಿಮ ಬೆಂಗಳೂರಿನಿಂದಲೇ ಶುರು ಮಾಡೋಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಅಂದರೆ ಇವತ್ತು ಬರೀ ಬಡಾವಣೆಗಳು. ಡಾಂಬರು ಕೆರೆದು ನೋಡಿದರೆ ಅಡಿಯಲ್ಲಿ ಹಳ್ಳಿಗಳಿವೆ: ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದು 1949ರಲ್ಲಿ. ಅದಕ್ಕೂ ಮುಂಚೆ ಇಲ್ಲಿದ್ದದ್ದು ಹೊಲ, ಗೋಮಾಳ, ಕೆರೆ, ಕೊಟ್ಟಿಗೆ. ಈ ಸೀಮೆಯ ನೀರು ಇಳಿಯುವುದು ವೃಷಭಾವತಿಗೆ. ಅದು ಕೆಂಗೇರಿಯ ಕಡೆ ಹರಿಯುತ್ತದೆ. ವೃಷಭ ಅಂದರೆ ಎತ್ತು. ಎತ್ತಿನ ಹೆಸರು ಹೊತ್ತ ಹೊಳೆಯ ಬದಿಯ ಜನ ನಾವು. ಇಲ್ಲಿಂದ ಎರಡು ದಾರಿ ಹೊರಡುತ್ತವೆ, ಒಂದು ಮಾಗಡಿಗೆ, ಇನ್ನೊಂದು ಕೆಂಗೇರಿ ದಾಟಿ ಮೈಸೂರಿಗೆ. ಗಾಡಿ ಎತ್ತುಗಳು, ಸಂತೆಗೆ ಹೊರಟ ಹಸುಗಳು, ದನದ ಜಾತ್ರೆಗೆ ಹೊರಟ ಹಳ್ಳಿಕಾರ್ ಜೋಡಿಗಳು ಇಂಥ ದಾರಿಗಳಲ್ಲೇ ನಡೆದವು. ದನ ನಡೆದ ದಾರಿಯಲ್ಲೇ ದನದ ರೋಗವೂ ನಡೆಯುತ್ತಿತ್ತು.

ಆ ರೋಗಗಳಲ್ಲೆಲ್ಲ ದೊಡ್ಡದಾದ್ದಕ್ಕೆ ನಮ್ಮ ಜನ ಇಟ್ಟ ಹೆಸರೇ ದೊಡ್ಡರೋಗ. ಪುಸ್ತಕದಲ್ಲಿ ಅದಕ್ಕೆ ರಿಂಡರ್‌ಪೆಸ್ಟ್ ಅನ್ನುತ್ತಾರೆ. ಮೊದಲು ಸುಡುವ ಜ್ವರ. ಆಮೇಲೆ ಕಣ್ಣು ಮೂಗಲ್ಲಿ ನೀರು, ಬಾಯೊಳಗೆ ಹುಣ್ಣು, ರಕ್ತ ಬೆರೆತ ಭೇದಿ. ವಾರ, ಹತ್ತು ದಿನದೊಳಗೆ ದನ ನೆಲ ಹಿಡಿಯುತ್ತಿತ್ತು. ಹಿಂದೆಂದೂ ಆ ರೋಗ ಕಾಣದ ಮಂದೆಗೆ ಹೊಕ್ಕರೆ ನೂರಕ್ಕೆ ಎಂಬತ್ತು ತೊಂಬತ್ತು ದನಗಳನ್ನು ಮಲಗಿಸುವ ಶಕ್ತಿ ಅದಕ್ಕಿತ್ತು. 1890ರ ದಶಕದಲ್ಲಿ ಆಫ್ರಿಕಾದ ಉದ್ದಕ್ಕೂ ಇದು ಹಬ್ಬಿದಾಗ ದನ ಕಾಯುವ ಕುಲಗಳಿಗೆ ಕುಲಗಳೇ ಹಸಿವಿನಿಂದ ಸತ್ತವು. ಎತ್ತು ಸತ್ತರೆ ಉಳುಮೆ ಇಲ್ಲ, ಉಳುಮೆ ಇಲ್ಲದಿದ್ದರೆ ಕೂಲಿ ಇಲ್ಲ. ಎತ್ತು ಊರ ಗೌಡನದು. ಹಸಿವು ಮೊದಲು ಬರೋದು ಕೇರಿಗೆ.

ಊರು ಏನು ಮಾಡುತ್ತಿತ್ತು? ಮಾರಿ ಮುನಿದಳು ಅನ್ನುತ್ತಿತ್ತು. ಕೋಣ ಕಡಿಸುತ್ತಿತ್ತು, ಮೇಕೆ ಕಡಿಸುತ್ತಿತ್ತು. ತಮಟೆ ಬಡಿಯುವವರು ನಾವು. ಸತ್ತ ದನದ ಕಾಲಿಗೆ ಹಗ್ಗ ಬಿಗಿದು ಊರಾಚೆ ಎಳೆಯುವವರೂ ನಾವು. ಆ ದನದ ಚರ್ಮವೇ ಊರಿಗೆ ಮೆಟ್ಟಾಯಿತು, ಮಿಣಿಯಾಯಿತು, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲವಾಯಿತು. ಆ ಚೀಲದ ನೀರು ಕುಡಿದ ಬೆಳೆ ಮೈಲಿಗೆಯಾಗಲಿಲ್ಲ. ಹದ ಮಾಡಿದ ಕೈ ಮಾತ್ರ ಮೈಲಿಗೆಯಾಯಿತು.

ಇಲ್ಲಿ ನಮ್ಮ ಭಾಷೆಯ ಒಂದು ಮಾತು ಗಮನಿಸಿ. ಸೋಂಕು ಅಂದರೆ ಮುಟ್ಟುವುದು. ಸೋಂಕು ಅಂದರೆ ರೋಗ ಹತ್ತುವುದೂ ಹೌದು. ಅಂಟುಜಾಡ್ಯ ಅನ್ನುತ್ತೇವೆ, ಅಂಟುಮುಟ್ಟು ಅಂತಲೂ ಅನ್ನುತ್ತೇವೆ. ರೋಗ ಸ್ಪರ್ಶದಿಂದ ದಾಟುತ್ತದೆ ಅನ್ನೋ ಅನುಭವ ಕನ್ನಡ ಮಾತಾಡುವ ಜನಕ್ಕೆ ಇತ್ತು. ಆದರೆ ಆ ಅನುಭವವನ್ನು ಎಲ್ಲಿ ಬಳಸಬೇಕಿತ್ತೋ ಅಲ್ಲಿ ಬಳಸಲಿಲ್ಲ. ದೊಡ್ಡರೋಗದ ವೈರಾಣು ರೋಗದ ದನದ ಉಸಿರು, ಸಿಂಬಳ, ಸೆಗಣಿಯಿಂದ ಪಕ್ಕದ ದನಕ್ಕೆ ದಾಟುತ್ತಿತ್ತು. ಒಂದೇ ತೊಟ್ಟಿಯಲ್ಲಿ ನೀರು ಕುಡಿದರೆ ಸಾಕಿತ್ತು. ದನದ ಮೈಬಿಟ್ಟು ಹೊರಗೆ ಬಿಸಿಲಿಗೆ ಬಿದ್ದರೆ ಆ ವೈರಾಣು ಬಹಳ ಹೊತ್ತು ಬದುಕುತ್ತಿರಲಿಲ್ಲ. ಅಂದರೆ ಕಾಯಿಲೆ ಬಿದ್ದ ದನವನ್ನು ಬೇರೆ ಕಟ್ಟಿ, ತೊಟ್ಟಿ ಬೇರೆ ಮಾಡಿ, ಸಂತೆ ಜಾತ್ರೆ ನಿಲ್ಲಿಸಿದ್ದರೆ ರೋಗದ ಕಾಲು ಅರ್ಧ ಮುರಿಯುತ್ತಿತ್ತು. ಊರು ದನಗಳನ್ನು ಬೇರೆ ಮಾಡಲಿಲ್ಲ, ಮನುಷ್ಯರನ್ನು ಬೇರೆ ಮಾಡಿತು. ತೊಟ್ಟಿ ಬೇರೆ ಮಾಡಲಿಲ್ಲ, ಬಾವಿ ಬೇರೆ ಮಾಡಿತು.

ಇಷ್ಟಕ್ಕೇ ನಿಲ್ಲಲಿಲ್ಲ. ದನ ಸತ್ತದ್ದಕ್ಕೆ ದನ ಹೊರುವವನನ್ನೇ ಕಳ್ಳನನ್ನಾಗಿ ಮಾಡಿದರು. ಉತ್ತರ ಭಾರತದ ಆಜಂಗಢ ಸೀಮೆಯಲ್ಲಿ 1850ರ ದಶಕದಲ್ಲಿ ಚಮ್ಮಾರರು ಚರ್ಮದಾಸೆಗೆ ದನಗಳಿಗೆ ಪಾಷಾಣ ಹಾಕುತ್ತಾರೆ ಅನ್ನೋ ಗುಲ್ಲೆದ್ದಿತು. ಬ್ರಿಟಿಷ್ ಅಧಿಕಾರಿಗಳು ಅದನ್ನು ನಂಬಿ ಕಡತ ಬರೆದರು. ಒಂದು ಇಡೀ ಜಾತಿಯ ಮೇಲೆ ವಿಷ ಹಾಕುವವರು ಅನ್ನುವ ಮುದ್ರೆ ಬಿತ್ತು. ದನಗಳು ಯಾಕೆ ಸಾಯುತ್ತಿವೆ ಎಂದು ನೋಡಲು ಸರ್ಕಾರ ಜಾನುವಾರು ಪಿಡುಗಿನ ಆಯೋಗ ನೇಮಿಸಿದ್ದು 1869ರಲ್ಲಿ. ಮಂದೆಗಳನ್ನು ಮುಗಿಸುತ್ತಿದ್ದ ದೊಡ್ಡ ಪಿಡುಗು ರಿಂಡರ್‌ಪೆಸ್ಟ್ ಎಂದು ಆ ಆಯೋಗ ಗುರುತಿಸಿತು. ಆದರೂ ವಿಷದ ಗುಮಾನಿ ಕಡತಗಳಿಂದ ಹೋಗಲಿಲ್ಲ. ರೋಗಾಣು ಕಣ್ಣಿಗೆ ಕಾಣದು. ಕೇರಿಯವನು ಕಣ್ಣಿಗೆ ಕಾಣುತ್ತಾನೆ. ಆರೋಪ ಕಣ್ಣಿಗೆ ಕಂಡವನ ಮೇಲೆ ಬೀಳುತ್ತದೆ.

ನಿಜವಾದ ಅಪಾಯ ಯಾರಿಗಿತ್ತು ಅನ್ನುವುದನ್ನೂ ಹೇಳಬೇಕು. ದೊಡ್ಡರೋಗ ಮನುಷ್ಯನಿಗೆ ಹತ್ತುತ್ತಿರಲಿಲ್ಲ. ನೆರಡಿ ರೋಗ ಹಾಗಲ್ಲ. ಅದನ್ನೇ ಆಂಥ್ರಾಕ್ಸ್ ಅನ್ನೋದು. ಇದರ ರೋಗಾಣು ಹೇಗೆ ಬದುಕುತ್ತದೆ ಅಂತ 1876ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ತೋರಿಸಿಕೊಟ್ಟ. ಸತ್ತ ದನದ ಮೈ ಕುಯ್ದು ರಕ್ತ ಗಾಳಿಗೆ ತೆರೆದುಕೊಂಡರೆ ರೋಗಾಣು ಗಟ್ಟಿ ಕವಚ ತೊಟ್ಟು ಬೀಜಕವಾಗುತ್ತದೆ. ಆ ಬೀಜಕ ಮಣ್ಣಿನಲ್ಲಿ ದಶಕಗಟ್ಟಲೆ ಕಾದು ಕೂರುತ್ತದೆ. ಚರ್ಮ ಸುಲಿದವನ ಕೈಯ ಗಾಯದಲ್ಲಿ ಹೊಕ್ಕರೆ ನೋವಿಲ್ಲದ ಕರಿ ಹುಣ್ಣು. ಮೈಯೊಳಕ್ಕೆ ಏರಿದರೆ ಸಾವು. ಹಸಿವಿಗೆ ಆ ಮಾಂಸ ತಿಂದವನಿಗೂ ಅದೇ ಗತಿ. ಊರಿಗೆ ಬರಬೇಕಾದ ರೋಗವನ್ನು ಊರಾಚೆ ಹೊತ್ತು ತನ್ನ ಕೈಮೇಲೆ ತಂದುಕೊಂಡವನನ್ನು ಊರು ಕೊಳಕ ಅಂತ ಕರೆಯಿತು. ನಾವು ಹೇಳುತ್ತೇವೆ, ಅವನು ಈ ನಾಡಿನ ಮೊದಲ ಆರೋಗ್ಯ ಇಲಾಖೆ. ಸಂಬಳವಿಲ್ಲದ, ಕೈಚೀಲವಿಲ್ಲದ, ಹೆಸರಿಲ್ಲದ ಇಲಾಖೆ.

ಇನ್ನು ವಿಜ್ಞಾನ ಬಂದ ದಾರಿ. 1889ರಲ್ಲಿ ಪುಣೆಯಲ್ಲಿ ಒಂದು ರೋಗಾಣು ಪ್ರಯೋಗಾಲಯ ಶುರುವಾಯಿತು. 1893ರಲ್ಲಿ ಅದನ್ನು ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಸಾಗಿಸಿದರು. ದೊಡ್ಡರೋಗ ಬಂದು ಬದುಕುಳಿದ ದನಕ್ಕೆ ಆ ರೋಗ ಮತ್ತೆ ಬರೋದಿಲ್ಲ. ಅದರ ರಕ್ತದಲ್ಲಿ ರೋಗದ ಜೊತೆ ಹೊಡೆದಾಡಿದ ನೆನಪು ಉಳಿದಿರುತ್ತದೆ. ಆ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ತೆಗೆದು ಬೇರೆ ದನಕ್ಕೆ ಚುಚ್ಚಿದರೆ ಕೆಲವು ವಾರ ಕಾಪಾಡುತ್ತದೆ. ಮೈಸೂರು ಸಂಸ್ಥಾನ ಇದೇ ಸೀರಂ ತಯಾರಿಸಲು 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆಯನ್ನು ತೆರೆಯಿತು. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಅಂತ ಇವತ್ತು ಕರೆಯೋದು ಅದನ್ನೇ.

ಸೀರಂ ಅಂದರೆ ಸಾಲದ ಶಕ್ತಿ, ಬೇಗ ಮುಗಿದುಹೋಗುತ್ತದೆ. ದನ ತನ್ನ ಶಕ್ತಿಯನ್ನು ತಾನೇ ಗಳಿಸಬೇಕು. ಅದಕ್ಕೆ ದಾರಿ ತೋರಿಸಿದ್ದು ಮೇಕೆ. ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ದೊಡ್ಡರೋಗದ ವೈರಾಣುವನ್ನು ಒಂದು ಮೇಕೆಯಿಂದ ಇನ್ನೊಂದು ಮೇಕೆಗೆ, ಮತ್ತೊಂದಕ್ಕೆ, ಹೀಗೆ ದಾಟಿಸುತ್ತ ಹೋದ. ಮೇಕೆಯ ಮೈಗೆ ಒಗ್ಗಿದ ವೈರಾಣು ದನವನ್ನು ಕೊಲ್ಲುವ ಕಸುವು ಕಳಕೊಂಡಿತು. ರೋಗದ ಗುರುತು ಕಲಿಸುವಷ್ಟು ಮಾತ್ರ ಉಳಿಸಿಕೊಂಡಿತು. ಅದೇ ಲಸಿಕೆಯಾಯಿತು. ದನ ಉಳಿಯಲಿ ಅಂತ ಮಾರಿಯ ಮುಂದೆ ಎಷ್ಟೋ ಮೇಕೆಗಳ ಕತ್ತು ಕಡಿದರು, ದನ ಉಳಿಯಲಿಲ್ಲ. ಬಡವರ ಮನೆಯ ಆ ಮೇಕೆಯೇ ಕೊನೆಗೆ ದನವನ್ನು ಉಳಿಸಿತು. ಆಮೇಲೆ 1960ರ ಹೊತ್ತಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಜೀವಕೋಶಗಳಲ್ಲಿ ಬೆಳೆಸಿದ, ಇನ್ನೂ ಮೆದುವಾದ ಲಸಿಕೆ ತಂದ. ಸೀಮೆಹಸುವಿಗೂ ಅದನ್ನು ಧೈರ್ಯವಾಗಿ ಹಾಕಬಹುದಾಯಿತು.

ಸ್ವತಂತ್ರ ಭಾರತ 1950ರ ದಶಕದಲ್ಲಿ ದೊಡ್ಡರೋಗ ನಿರ್ಮೂಲನೆಯ ಕಾರ್ಯಕ್ರಮ ಹೂಡಿತು. ಈ ಕೆಲಸದಲ್ಲಿ ಒಂದು ಪಾಠ ಇದೆ. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಇದನ್ನು ಹೇಳಬೇಕು. ಮಂದೆಯಲ್ಲಿ ಸಾಕಷ್ಟು ದನಗಳಿಗೆ ಶಕ್ತಿ ಬಂದರೆ ರೋಗಾಣುವಿಗೆ ದಾಟಲು ಮೈ ಸಿಗೋದಿಲ್ಲ. ಅದು ಅಲ್ಲೇ ಸಾಯುತ್ತದೆ. ಗೌಡನ ಎತ್ತಿಗೆ ಸೂಜಿ ಹಾಕಿ ಕೇರಿಯ ಎಮ್ಮೆಯನ್ನು ಬಿಟ್ಟರೆ ರೋಗ ಕೇರಿಯಲ್ಲೇ ಕೂತು ಕಾಯುತ್ತದೆ. ಹೊಸ ಕರು ಹುಟ್ಟಿದ ಕೂಡಲೆ ಊರಿಗೆ ಮರಳುತ್ತದೆ. ಎಲ್ಲರ ದನ ಉಳಿದರೇ ನನ್ನ ದನ ಉಳಿಯೋದು. ಸಮಾನತೆ ಅನ್ನೋದು ಇಲ್ಲಿ ಭಾಷಣವಲ್ಲ, ಲೆಕ್ಕ. 1992ರಲ್ಲಿ ಹೊಸ ರಾಷ್ಟ್ರೀಯ ಯೋಜನೆ ಬಂತು. ಭಾರತದ ಕೊನೆಯ ದೊಡ್ಡರೋಗ ಕಂಡದ್ದು 1995ರಲ್ಲಿ, ನಮ್ಮ ನೆರೆಯ ತಮಿಳುನಾಡಿನಲ್ಲಿ. 2006ರಲ್ಲಿ ಭಾರತ ಈ ಸೋಂಕಿನಿಂದ ಮುಕ್ತ ಎಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಮನುಷ್ಯ ಭೂಮಿಯಿಂದ ಪೂರ್ತಿ ಅಳಿಸಿದ ರೋಗಗಳು ಎರಡೇ: ಸಿಡುಬು, ಆಮೇಲೆ ದೊಡ್ಡರೋಗ.

ಸಾವಿರಾರು ವರ್ಷದ ರೋಗ ಹೋಯಿತು. ಸಾವಿರಾರು ವರ್ಷದ ಮೈಲಿಗೆ ಹೋಯಿತೇ?

1927ರ ಮಾರ್ಚಿಯಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸೇರಿದ ಜನ ಕೆರೆಯ ನೀರು ಮುಟ್ಟಿದ್ದು ಎಲ್ಲರಿಗೂ ಗೊತ್ತು. ಸತ್ತ ದನವನ್ನು ಸವರ್ಣರು ತಾವೇ ಹೂಳಿಕೊಳ್ಳಲಿ ಅಂತ ಅಲ್ಲೇ ಹೇಳಿದ್ದು ಹಲವರಿಗೆ ಗೊತ್ತಿಲ್ಲ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ನಮ್ಮ ಹುಡುಗರನ್ನು ಬಟ್ಟೆ ಬಿಚ್ಚಿ, ಗಾಡಿಗೆ ಕಟ್ಟಿ ಹೊಡೆದರು. ಆಗ ಅಲ್ಲಿನ ದಲಿತರು ಸತ್ತ ದನ ಎತ್ತೋದಿಲ್ಲ ಅಂದರು. ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ದನದ ಹೆಣಗಳನ್ನು ತಂದು ಸುರಿದರು. ಹೊರುವ ಕೈ ನಿಂತಾಗಲೇ ಆ ಕೈ ಏನು ಮಾಡುತ್ತಿತ್ತು ಅಂತ ನಾಡಿಗೆ ವಾಸನೆ ಬಡಿದದ್ದು.

ನಮ್ಮಲ್ಲೂ ಅಷ್ಟೇ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಅಂದದ್ದಕ್ಕೆ ಬೀದಿ ಬೀದಿಯಲ್ಲಿ ಹೊಡೆದಾಟವಾಯಿತು. ಬೂಸಾ ತಿನ್ನುವ ದನದ ಚರಿತ್ರೆ, ಆ ದನ ಸತ್ತಾಗ ಹೊತ್ತವನ ಚರಿತ್ರೆ ಬರೆಯಬೇಕು ಅಂತ ಮಾತ್ರ ಹೆಚ್ಚು ಜನಕ್ಕೆ ಅನ್ನಿಸಲಿಲ್ಲ. ಸೀರಂ ಕಂಡುಹಿಡಿದವರ ಹೆಸರಿದೆ, ಇರಲಿ, ಇರಬೇಕು. ಹೆಣ ಹೊತ್ತವನ ಹೆಸರು ಒಂದೂ ಇಲ್ಲ.

ರೋಗಗಳೇನೂ ಮುಗಿದಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ತಿಂದಿತು. 2022ರಲ್ಲಿ ಚರ್ಮಗಂಟು ರೋಗ ಬಂತು. ಎತ್ತಿನ ಹೆಸರಿನ ವೃಷಭಾವತಿ ಇವತ್ತು ನಗರದ ಮಲ, ಕಾರ್ಖಾನೆಯ ಕೊಳೆ ಹೊತ್ತು ಕೆಂಗೇರಿ ದಾಟುತ್ತದೆ. ಕೆಳಗಿನ ಹಳ್ಳಿಗಳಲ್ಲಿ ಆ ನೀರಿನಲ್ಲೇ ಮೇವು ಬೆಳೆಯುತ್ತದೆ. ಶುದ್ಧ ಅಂತ ಹೇಳಿಕೊಳ್ಳುವ ಮನೆಗಳಿಂದಲೇ ಇಳಿದ ಕೊಳೆ ಅದು.

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ನಮ್ಮ ಮಾತು ಇಷ್ಟು. ಲಸಿಕೆಯ ದಿನ ಕೇರಿಯ ಕೊನೇ ಮನೆಯ ಎಮ್ಮೆಗೂ ಸೂಜಿ ಬಿತ್ತಾ ಅಂತ ನೋಡಿ. ಕಾಯಿಲೆ ದನವನ್ನು ಬೇರೆ ಕಟ್ಟಿಸಿ, ತೊಟ್ಟಿ ತೊಳೆಸಿ, ಕೊಟ್ಟಿಗೆಗೆ ಸುಣ್ಣ ಹೊಡೆಸಿ. ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಲ್ಲಿ ಕರಿ ರಕ್ತ ಸುರಿದ ದನವನ್ನು ಯಾರೂ ಕುಯ್ಯದ ಹಾಗೆ ತಡೆಯಿರಿ. ಪಶುವೈದ್ಯರನ್ನು ಕರೆಸಿ, ಆಳವಾದ ಗುಂಡಿ ತೋಡಿಸಿ, ಸುಣ್ಣ ಹಾಕಿ ಹೂಳಿಸಿ. ಗುಂಡಿ ತೋಡುವವನು ಯಾರು ಅಂತ ಆಗ ಕೇಳಿ. ಪಂಚಾಯ್ತಿಯವರು ಮತ್ತೆ ಕೇರಿಯ ಕಡೆಗೇ ಬೆರಳು ತೋರಿಸಿದರೆ, ದನದ ಒಡೆಯನ ಕೈಗೆ ಗುದ್ದಲಿ ಕೊಡಿ. ಕೂಲಿಗೆ ಮಾಡುವವನಿದ್ದರೆ, ಅವನು ಯಾವ ಜಾತಿಯವನೇ ಆಗಲಿ, ಕೈಚೀಲ, ಬೂಟು, ಸರಿಯಾದ ಕೂಲಿ ಕೊಡಿಸಿ.

ನಿಮ್ಮ ಊರಲ್ಲಿ ದೊಡ್ಡರೋಗ ಕಂಡ ಮುದುಕರು ಇನ್ನೂ ಕೆಲವರು ಇರಬಹುದು. ಕೇರಿಗೆ ಹೋಗಿ, ಅವರ ಜೊತೆ ಕೂತು, ಒಂದು ಲೋಟ ನೀರು ಇಸಕೊಂಡು ಕುಡಿದು, ಅವರು ಹೇಳಿದ್ದನ್ನು ಬರೆದುಕೊಳ್ಳಿ.