ಚೆನ್ನೈ ದಾರಿಯ ರಾತ್ರಿ ಸಾರಥಿಗಳು

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್. ಈ ದಾರಿಯಲ್ಲಿ ಸರಕು ಬಹುಕಾಲದಿಂದ ರಾತ್ರಿಯೇ ಓಡಾಡಿಕೊಂಡು ಬಂದಿದೆ. ಎತ್ತಿನ ಗಾಡಿಗಳ ಕಾಲದಲ್ಲಿ ಅದಕ್ಕೆ ಬಿಸಿಲು ಕಾರಣ. ಕೋಲಾರ, ಮುಳಬಾಗಿಲು, ಪಲಮನೇರು ದಾಟಿ, ಮೊಗಿಲಿ ಘಾಟಿ ಇಳಿದು, ಚಿತ್ತೂರು, ವಾಲಾಜಾಪೇಟೆಯ ಮೇಲೆ ಮದ್ರಾಸಿಗೆ ಹೋಗುವವರು ಹೊತ್ತು ಇಳಿದ ಮೇಲೆ ಗಾಡಿ ಕಟ್ಟಿ, ಬೆಳಗಾದ ಮೇಲೆ ಛತ್ರವೋ ತೋಪೋ ಸಿಕ್ಕ ಕಡೆ ಎತ್ತು ಬಿಚ್ಚುತ್ತಿದ್ದರು. ಗಾಡಿಗಳು ಸಾಲಾಗಿಯೇ ಹೊರಡುತ್ತಿದ್ದವು. ಅಚ್ಚಿನ ಕೆಳಗೆ ಕಟ್ಟಿದ ಲಾಂದ್ರ ತೂಗಾಡುತ್ತಿರುತ್ತಿತ್ತು. ಮುಂದಿನ ಗಾಡಿಯವನು ಎಚ್ಚರವಿದ್ದರೆ ಹಿಂದಿನವರು ಹುಲ್ಲಿನ ಮೇಲೆ ಒರಗಿ ತೂಕಡಿಸಬಹುದಿತ್ತು. ಎತ್ತುಗಳು ಮುಂದಿನ ಗಾಡಿಯ ಜಾಡು ಬಿಡುತ್ತಿರಲಿಲ್ಲ.

1856ರಲ್ಲಿ ಮದ್ರಾಸಿನ ರಾಯಪುರಂನಿಂದ ವಾಲಾಜಾ ರೋಡಿನವರೆಗೆ ರೈಲು ಓಡಿತು. 1864ರಲ್ಲಿ ಅದು ಬೆಂಗಳೂರು ದಂಡುಪ್ರದೇಶ ಮುಟ್ಟಿತು. ಉಗಿ ಎಂಜಿನ್ನಿನಲ್ಲಿ ಚಾಲಕನ ಜೊತೆ ಬೆಂಕಿ ನೋಡುವವನು, ಗಾಡಿಯ ಕೊನೆಯಲ್ಲಿ ಗಾರ್ಡ್ ಇರುತ್ತಿದ್ದುದರಿಂದ ಇಲ್ಲಿಯೂ ಎಚ್ಚರ ಒಬ್ಬನ ಹೊಣೆಯಾಗಿರಲಿಲ್ಲ.

ಲಾರಿ ಬಂದ ಮೇಲೆ ಆ ಹೊಣೆ ಮೆಲ್ಲಗೆ ಒಬ್ಬನ ಹೆಗಲಿಗೆ ಬಿತ್ತು. ಚೆನ್ನೈನ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್‌ನಂಥ ಕಾರ್ಖಾನೆ ಬೆಳೆದು, ಐವತ್ತರ ದಶಕದಿಂದ ಲಾರಿಗಳು ಹೆಚ್ಚಿದವು. ಹಳೆಯ ಲಾರಿಯ ಕ್ಯಾಬಿನ್ನಿನೊಳಗೇ ಎಂಜಿನ್. ಅದರ ಬಾನೆಟ್ ಮೇಲೆ ಮಡಿಸಿದ ಕಂಬಳಿ, ಕಾಲಿಗೆ ರಾತ್ರಿಯಿಡೀ ಬಿಸಿ. ಎಡಗಡೆ ಕೂತ ಕ್ಲೀನರನ ಕೆಲಸ ಗಾಜು ಒರೆಸುವುದು, ಟೈರು ತಟ್ಟಿ ನೋಡುವುದು ಎಂದು ಹೇಳುವುದುಂಟು. ಇರುಳಿನಲ್ಲಿ ಅವನ ದೊಡ್ಡ ಕೆಲಸ ಮಾತಾಡುತ್ತಿರುವುದು. ಅವನು ನಿದ್ದೆ ಹೋದರೆ ಡ್ರೈವರ್ ಬೈದು ಎಬ್ಬಿಸುತ್ತಿದ್ದುದರಲ್ಲಿ ಅರ್ಥವಿತ್ತು.

ದಣಿದ ಚಾಲಕನ ಅಪಾಯವನ್ನು ಕಾನೂನು ಬೇಗನೆ ಗುರುತಿಸಿತ್ತು. ಸರಕು ಮತ್ತು ಪ್ರಯಾಣಿಕ ವಾಹನಗಳ ಚಾಲಕರು ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಪಡೆಯಬೇಕೆಂದು 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಸಾಮಾನ್ಯ ಮಿತಿ ಹಾಕಿತು. ಆದರೆ ಅದು ಐವರಿಗಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೋ ಎರಡೋ ಲಾರಿ ಇಟ್ಟುಕೊಂಡ ಮಾಲೀಕರೇ ತುಂಬಿರುವ ಉದ್ಯಮದಲ್ಲಿ ಇದು ಸಣ್ಣ ಕಂಡಿಯಾಗಿರಲಿಲ್ಲ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವನ್ನೂ 2018ರಲ್ಲಿ ತೆಗೆದುಹಾಕಲಾಯಿತು. ರಾತ್ರಿ ದಾರಿಯ ಮಟ್ಟಿಗೆ ಇದು ಹಿಂದಕ್ಕಿಟ್ಟ ಹೆಜ್ಜೆ.

ಲಾರಿಗಳನ್ನು ರಾತ್ರಿಗೆ ಕಟ್ಟಿಹಾಕಿದ್ದು ಮಾರುಕಟ್ಟೆ. 1996ರಲ್ಲಿ ಚೆನ್ನೈನ ತರಕಾರಿ ಸಗಟು ವ್ಯಾಪಾರ ಕೊತ್ವಾಲ್ ಚಾವಡಿಯಿಂದ ಕೊಯಂಬೇಡಿಗೆ ಹೋಯಿತು. ಕೋಲಾರದ ಕಡೆಯಿಂದ ಸಂಜೆ ಹೊರಟ ಟೊಮೆಟೊ ಅಲ್ಲಿ ನಸುಕಿಗೆ ಮುಂಚೆ ಇಳಿಯಬೇಕು. ತಡವಾದರೆ ಬೆಲೆ ಬಿತ್ತು. ದೇಹಕ್ಕೆ ನಿದ್ದೆ ಅತಿಯಾಗಿ ಒತ್ತುವುದು ರಾತ್ರಿ ಎರಡರಿಂದ ಐದರ ನಡುವೆ. ಈ ಸಾಗಾಟದ ಕೊನೆಯ ಹಂತ ಬೀಳುವುದೂ ಸರಿಯಾಗಿ ಅದೇ ಹೊತ್ತಿಗೆ. 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಲಾರಿ ಹತ್ತಿರ ಹತ್ತಿರ 90 ಮೀಟರ್ ತನ್ನಷ್ಟಕ್ಕೆ ಓಡಿರುತ್ತದೆ.

ಟೀ, ಬೀಡಿ, ಎಲೆಯಡಿಕೆ, ಇಳಯರಾಜಾ ಹಾಡಿನ ಕ್ಯಾಸೆಟ್ಟು ಚಾಲಕರು ತಾವೇ ಕಂಡುಕೊಂಡ ಮದ್ದುಗಳು. ತಮಿಳುನಾಡು ಪೊಲೀಸರು ಹೆದ್ದಾರಿಗಳಲ್ಲಿ ನಡುರಾತ್ರಿ ಲಾರಿ ನಿಲ್ಲಿಸಿ, ಮುಖ ತೊಳೆಸಿ, ಟೀ ಕೊಟ್ಟು ಕಳುಹಿಸಿದ್ದೂ ಉಂಟು. ಅದು ಒಳ್ಳೆಯ ಕೆಲಸವೇ. ಆದರೆ ತಣ್ಣೀರಿನ ಚುರುಕು ಕೆಲವೇ ನಿಮಿಷ ಉಳಿಯುತ್ತದೆ. ಟೀ ಕಾಫಿ ಹತ್ತುವುದಕ್ಕೇ ಅರ್ಧ ಗಂಟೆ ಬೇಕು. ನಿದ್ದೆಯ ಸಾಲ ತೀರುವುದು ನಿದ್ದೆಯಿಂದ ಮಾತ್ರ.

ರಸ್ತೆ ನಾಲ್ಕು, ಆರು ಪಥವಾದ ಮೇಲೆ ರಾತ್ರಿಯ ಗುಂಪಿಗೆ ಒಂಟಿ ಕಾರುಗಳೂ ಸೇರಿವೆ. ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಕಟ್ಟುತ್ತಿರುವ 262 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಊರು, ಸಂತೆಗಳನ್ನು ತಪ್ಪಿಸಿ ಸಾಗುವುದರಿಂದ ಕಣ್ಣಿಗೆ ಮತ್ತಷ್ಟು ಮಂಪರು ತರುವಂಥದು. 2025ರ ಅಕ್ಟೋಬರ್‌ನಿಂದ ತಯಾರಾಗುವ ಹೊಸ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿ, ಬಾನೆಟ್ಟಿನ ಬಿಸಿಯಾದರೂ ತಪ್ಪಲಿದೆ. ಆದರೆ ಸ್ವಂತ ಕಾರು ಓಡಿಸುವವರಿಗೆ ಗಂಟೆಗಳ ಮಿತಿ ಯಾವ ಕಾನೂನಿನಲ್ಲೂ ಇಲ್ಲ. ವೆಲ್ಲೂರಿನ ಹತ್ತಿರ ಕಣ್ಣು ಎಳೆದರೆ ಅವರು ತಾವಾಗಿಯೇ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ಮಲಗಿ ಮುಂದೆ ಹೋಗಬೇಕು.